ಎಚ್ಚರಿಕೆ ತಿದ್ದಿದ ಮೇಷ್ಟರು

ಹೊಳೆನರಸೀಪುರದ ನಮ್ಮ ಕಾಲೇಜಿನಲ್ಲಿ ಲಿನಕ್ಸ್ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಮೇಷ್ಟರು ಕೂತಲ್ಲಿ ಕೂರುತ್ತಿರಲಿಲ್ಲ. "ಅರ್ಥ ಆಗಂಗೆ ಏಳಕ್ಕೇನ್ಲಾ ನಿಂಗೆ?" ಎಂದು ಪರದೆಯನ್ನೇ ಬೈಯುತ್ತಿದ್ದರು.

ಒಮ್ಮೆ ಪರದೆ ನಡೆಸುವ ಗ್ರಾಫಿಕ್ಸ್ ಡ್ರೈವರ್ ಎಂಬ ತಂತ್ರಾಂಶ ಕೈಕೊಟ್ಟು, ಅಂಕಪಟ್ಟಿ ಟೈಪು ಮಾಡುತ್ತಿದ್ದ ಆಫೀಸಿನ ಅಕ್ಕನ ಪರದೆ ಕಪ್ಪಾಯಿತು. ಅದರ ಮೇಲೆ ಇಂಗ್ಲಿಷಿನಲ್ಲಿ ತಲೆಬುಡವಿಲ್ಲದ ಎಚ್ಚರಿಕೆ ಮೂಡಿತು. ಹೆದರಿದ ಅಕ್ಕ ಪ್ಲಗ್ಗನ್ನೇ ಕಿತ್ತರು. ಬೆಳಗಿನಿಂದ ಮಾಡಿದ್ದೆಲ್ಲ ಹೋಯಿತು. "ನಾನೇ ಕೆಡಿಸ್ಬುಟ್ಟೆ ಸಾ" ಎಂದು ಅತ್ತರು.

ಮೇಷ್ಟರು ವಾರವಿಡೀ ಲಿನಕ್ಸಿನ ತಿರುಳಾದ ಕರ್ನಲ್ಲಿನೊಳಗೆ ಕೈಹಾಕಿ ಆ ಎಚ್ಚರಿಕೆಯನ್ನು ತಿದ್ದಿದರು. ಅಲ್ಲಿ ಕನ್ನಡ ಲಿಪಿ ಮೂಡುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದರು.

ಪರದೆ ಮತ್ತೆ ಕಪ್ಪಾದಾಗ ಅಕ್ಕ ಗಟ್ಟಿಯಾಗಿ ಓದಿದರು: "ನಿಮ್ಮ ತಪ್ಪಲ್ಲ. ಪ್ಲಗ್ ಕೀಳಬೇಡಿ. ಒಂದು ನಿಮಿಷ ತಡೆಯಿರಿ."

"ಆಯ್ತು, ತಡೀತೀನಿ ಕಣಪ್ಪಾ" ಎಂದು ಪರದೆಗೆ ಉತ್ತರಿಸಿ, ಕೈಕಟ್ಟಿ ಕೂತರು. ಆ ಒಂದು ನಿಮಿಷ ತಡೆಯಲಾಗದೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗಿದವರು ಮೇಷ್ಟರೊಬ್ಬರೇ.