ಡೋಲಿನ ಹಿಂದಿನ ಹೆಸರು

ಏ ಮಲ್ಲೂ! ಏ ಐಶ್ವರ್ಯಾ! ಯಾರ್ಯಾರ್ ಅದೀರಿ ಗ್ರೂಪಿನಾಗ, ನಿಲ್ರಿ ಒಂಚೂರು, ಗಾಡಿ ಬಾಜೂಕ ಹಚ್ರಿ! ವಾಯ್ಸ್ ಮೆಸೇಜ್ ಉದ್ದ ಅದ ಅಂತ ಮುಂದ ಓಡಿಸಬ್ಯಾಡ್ರಿ, ನನ್ನಾಣೆ ಅದ. ಸ್ಪೀಕರ್ ಮ್ಯಾಲೂ ಹಚ್ಚಬ್ಯಾಡ್ರಿ, ಕಿವ್ಯಾಗ ಇಟ್ಕೊಂಡು ಕೇಳ್ರಿ. ಕಂಡಕ್ಟರ್ ಕಾಕಾನ ಸುದ್ದಿ ಹೇಳಾಕತ್ತೀನಿ.

ಕಮಲಾಪುರದಾಗ ಅವರ ಮನಿ, ನಮ್ಮ ಮನಿ ಗ್ವಾಡಿಗಿ ಗ್ವಾಡಿ. ಕಾಕಾನ ಹೆಸರ ಕೇಳಿದ್ರ ಓಣ್ಯಾಗ ಅರ್ಧ ಮಂದಿಗಿ ಗೊತ್ತಿಲ್ಲ. ತುಕಾರಾಮ ಅಂತ. ಕಲಬುರಗಿ ಬಸ್ಸಿನ್ಯಾಗ ಚೀಟಿ ಹರ್ಕೊಂತ ಹರ್ಕೊಂತ ಹೆಸರೇ ಸವದು ಹೋಗ್ಯಾದ. ಬಸ್ಸಿನ್ಯಾಗ 'ಓ ಕಂಡಕ್ಟ್ರೇ', ಡಿಪೋದಾಗ 'ಕಂಡಕ್ಟರ್ ಸಾಬ್', ಮನ್ಯಾಗ ಮಗಳು ಸುಮಂಗಲಾ 'ಪಪ್ಪಾ' ಅಂತಾಳ. ಇನ್ನ ಕಾಕಿ, ಪುತಳಾಬಾಯಿ ಕಾಕಿ, ಅವರಂತೂ ಗಂಡನ ಹೆಸರ ಬಾಯಿಗಿ ತಂದವರೇ ಅಲ್ಲ. 'ಏನ್ರೀ', 'ಇಲ್ಲಿ ನೋಡ್ರಿ', ಸಿಟ್ಟ ಬಂದ್ರ 'ಸುಮಿ, ಹೇಳ ನಿಮ್ಮ ಅಪ್ಪಗ'.

ನಾವು ಸಣ್ಣವರಿದ್ದಾಗ ಎಷ್ಟ ಕಾಡೀವಿ! "ಕಾಕಿ, ಒಮ್ಮಿ ಅನ್ರಿ, ತು... ಕಾ..." ಅಂದ್ರ ಲಟ್ಟಣಿಗಿ ತೊಗೊಂಡು ಬೆನ್ನ ಹತ್ತೋರು. "ಗಂಡನ ಹೆಸರ ತೊಗೊಂಡ್ರ ಆಯುಷ್ಯ ಕಮ್ಮಿ ಆಗ್ತದ, ಹೋಗ್ರಲೇ ಭಾಡ್ಯಾಗೋಳ!"

ಹ್ವಾದ ಬ್ಯಾಸಗ್ಯಾಗ ಕಾಕಿಗಿ ಉಸಿರಿನ ತ್ರಾಸ ಆಗಿ ಕಲಬುರಗಿ ದವಾಖಾನಿಗಿ ಒಯ್ದ್ರು. ನರ್ಸಬಾಯಿ ಬಂದು, "ಯಜಮಾನರ ಹೆಸರ ಏನ್ ಅವ್ವಾ?" ಅಂತ ಕೇಳಿದ್ಳು. ಕಾಕಿ ಮುಖದ ಮ್ಯಾಲಿನ ಮಾಸ್ಕ್ ಸರಿಸಿದ್ರು. ಕಾಕಾ ಬಾಜೂಕೇ ನಿಂತಿದ್ರು. ಈಗರೆ ಅಂತಾಳ ಅಂತ ನೋಡಾಕತ್ತಿದ್ರಂತ. ಕಾಕಿ ಬಟ್ಟ ಮಾಡಿ ಕಾಕಾನ್ನ ತೋರಿಸಿ, "ಅವರಽ ಹೇಳ್ತಾರ ತೊಗೋರಿ" ಅಂದು ಮಾಸ್ಕ್ ಹಾಕ್ಕೊಂಡ್ರು. ಮತ್ತ ಮಾತಾಡ್ಲಿಲ್ಲ. ಹಂಗೇ ಹೋದ್ರು.

ಕಾಕಾ ಮೂಕ ಆಗಿಬಿಟ್ರು ನೋಡ್ರಿ. ಡ್ಯೂಟಿಗಿ ಹೋಗೋದು, ಬರೋದು, ಅಷ್ಟ. ಮೊನ್ನಿ ಸುಮಂಗಲಾ ಟ್ರಂಕ್ ತಗದಾಗ ಅವರ ಲಗ್ನದ ವಿಡಿಯೋ ಕ್ಯಾಸೆಟ್ ಸಿಕ್ತು. ಸ್ಟುಡಿಯೋದಾಗ ಕೊಟ್ಟು ಪೆನ್‌ಡ್ರೈವಿಗಿ ಹಾಕ್ಸಿದ್ಳು. ಟಿವ್ಯಾಗ ಹಚ್ಚಿ ನೋಡಿದ್ರ, ಅದ್ರಾಗ ಮದುಮಗಳನ್ನ ಮನಿ ತುಂಬಿಸಿಕೊಳ್ಳೋದು ಅದ. ನಮ್ಮಲ್ಲಿ ಗೊತ್ತಲ್ಲ, ಹೊಸ್ತಲದಾಗ ಸೊಸಿನ್ನ ತಡದು, "ಹೆಸರ ಹೇಳು, ಒಳಗ ಬಾ" ಅಂತಾರ. ಒಡಪ ಹಾಕಿ, ಅಂದ್ರ ಪ್ರಾಸ ಕಟ್ಟಿ, ಗಂಡನ ಹೆಸರ ಹೇಳಲೇಬೇಕು. ಜನ್ಮದಾಗ ಕಾಕಿ ಆ ಹೆಸರ ಅಂದಿದ್ದು ಅದೊಂದೇ ಸಲ. ಖರೇ, ಟಿವಿ ಸೌಂಡಿನ್ಯಾಗ ಬರೀ ಗೊರ್ರ್ ಅಂತದ, ಒಂದ ಅಕ್ಷರ ತಿಳೀವಲ್ದು.

ಕಾಕಾ ನಮ್ಮ ಬಾಗಲಿಗಿ ಬಂದ್ರು. ಎಷ್ಟ ತಿಂಗಳ ಮ್ಯಾಲ ತಾವಾಗೇ ಬಂದಿದ್ದು! "ಲೇ, ಆ ಹೋಮ್ ಥೇಟರ್ ಅಂತಾರಲ್ಲ, ಅದ್ರಾಗ ಸಣ್ಣ ದನಿನೂ ಕೇಳಸ್ತದಂತ ಹೌದಾ? ನಡಿ, ಕಲಬುರಗಿಗಿ ಹೋಗಮು."

ನಡೀರಿ ಅಂತ ಗಾಡಿ ತಗದೆ. ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಾಗ ವಹಾಬ್ ಭಾಯ್ ಅಂಗಡಿ ಅದ. ಆಂಪ್ಲಿಫೈಯರ್, ಸ್ಪೀಕರ್ ಎಲ್ಲಾ ಅವರೇ ಜೋಡಿಸಿ ಕೊಡ್ತಾರ.

"ಆವ್ ಕಾಕಾ, ಬೈಠೋ. ಕ್ಯಾ ಹೋನಾ?"

ಕಾಕಾ ಸೀದಾ ಅಂದ್ರು, "ನನಗ ಹೆಸರ ಬೇಕು."

"ಹೆಸರಿಂದೇ ಕೊಡ್ತೀನಲ್ರಿ! ಫಾರಿನ್ ಹೆಸರ ಬೇಕೋ, ದಿಲ್ಲಿ ಹೆಸರ ಬೇಕೋ? ಯಾವ ಕಂಪನಿ ಸ್ಟಿಕರ್ ಹೇಳ್ತೀರಿ, ಅದೇ ಹಚ್ಚಿ ಕೊಡ್ತೀನಿ!"

ನಾನು ಹಲ್ಲ ಕಿಸದೆ. ಕಾಕಾ ನಗ್ಲಿಲ್ಲ. "ಕಂಪನಿ ಹೆಸರಲ್ಲೋ ಮಾರಾಯಾ. ನನ್ನ ಹೆಸರ. ನನ್ನ ಹೇಣ್ತಿ ಬಾಯಾಗಿಂದು."

ವಹಾಬ್ ಭಾಯ್‌ಗಿ ತಿಳೀಲಿಲ್ಲ. ಮೊದಲ ಒಂದ್ ದೊಡ್ಡ ಸಬ್‌ವೂಫರ್ ಹಚ್ಚಿದ್ರು, ದಢಾಢಢಾ! ಕಪಾಟಿನ ಕಾಜ ಅಳ್ಳಾಡಿದ್ವು, ನನ್ನ ಎದಿನೂ. "ನೋಡ್ರಿ ಕಾಕಾ, ಓಣಿ ತುಂಬ ನಿಮ್ಮ ಹೆಸರ ಆಗ್ತದ!"

"ಇದು ಡೋಲ. ನನಗ ಡೋಲ ಬ್ಯಾಡ. ಮಾತು ಬೇಕು" ಅಂದು, ದವಾಖಾನಿದಿಂದ ಹಿಡದು ಒಡಪದ ತನಕ ಎಲ್ಲಾ ಹೇಳಿದ್ರು. ವಹಾಬ್ ಭಾಯ್ ಸ್ಕ್ರೂಡ್ರೈವರ್ ಕೆಳಗ ಇಟ್ರು. ಒಳಗ ಹೋಗಿ ಒಂದ್ ಅಡ್ಡ ಡಬ್ಬಿ ತಂದ್ರು. ಉದ್ದಕಿತ್ತು, ಎರಡೂ ಕಡಿ ಸಣ್ಣ ಸಣ್ಣ ಸ್ಪೀಕರ್.

"ಇದು ಸೆಂಟರ್ ಸ್ಪೀಕರ್, ಮಾತಿನ ಡಬ್ಬಿ. ಬಾತ್ ಕಾ ಡಬ್ಬಾ. ಟಿವಿ ಕೆಳಗ ನಡುವ ಇಡೋದು. ಗದ್ದಲ, ಗಾನಾ, ಬಜಾನಾ ಎಲ್ಲಾ ಬಾಜೂದ ಡಬ್ಬ್ಯಾಗ ಹೋಗ್ತದ. ಮನಷ್ಯಾರ ಮಾತು ಇದ್ರಾಗ ಬರ್ತದ."

"ಗದ್ದಲ ಬ್ಯಾರೆ, ಮಾತು ಬ್ಯಾರೆ?"

"ಬ್ಯಾರೆ ಬ್ಯಾರೆ."

ಕಾಕಾ ಆ ಡಬ್ಬಿ ಮ್ಯಾಲ ಕೈ ಆಡಿಸಿದ್ರು ನೋಡ್ರಿ, ಎಳಿ ಕೂಸಿನ ನೆತ್ತಿ ಮುಟ್ಟಿದಂಗ. ಅದೇ ಬೇಕು ಅಂದ್ರು. ಊರಿಗಿ ಬರೋವಾಗ ದಾರಿ ತುಂಬ ಹಿಂದ ಕುಂತು ಬಾಯಿ ಬಿಚ್ಚಿದ್ದೇ ಬಿಚ್ಚಿದ್ದು. ತಗ್ಗ ಬಂದಲ್ಲೆಲ್ಲಾ, "ಮೆಲ್ಲಕ ಹೊಡಿಯೋ, ನಿನ್ನ ಕಾಕಿ ಅದಾಳ ಡಬ್ಬ್ಯಾಗ!" ಅಂದ್ರು. ಚಾಷ್ಟಿ ಮಾಡಿದ್ರು ಕಾಕಾ! ನನಗ ಖುಷಿ ಆಯ್ತು.

ಶುಕ್ರವಾರ ನಮಾಜ್ ಮುಗಿಸಿ ವಹಾಬ್ ಭಾಯ್ ಉಳಿದ ಸ್ಪೀಕರ್, ಆಂಪ್ಲಿಫೈಯರ್, ವೈರಿನ ಸುರಳಿ ತೊಗೊಂಡು ಕಮಲಾಪುರಕ್ಕ ಬಂದ್ರು. ಅವರು ನಡುಮನ್ಯಾಗ ನಿಂತು ಚಪ್ಪಾಳಿ ಹೊಡದ್ರು, ಟಪ್. ಮತ್ತೊಮ್ಮಿ, ಟಪ್. "ಗ್ವಾಡಿ ಬತ್ತಲಿ ಅದ ರೀ, ದನಿ ಹೊಳ್ಳಿ ಬಡೀತದ. ದಪ್ಪನ್ನ ಅರಬಿ ಏನರೆ ಅದ?"

ಸುಮಂಗಲಾ ಒಳಗ ಹೋಗಿ ಕೌದಿ ತಂದ್ಳು. ಕಾಕಿ ಹೊಲದಿದ್ದು. ಹಳಿ ಸೀರಿ ತುಂಡು, ಕಾಕಾನ ಖಾಕಿ ಅಂಗಿ ತುಂಡು, ಎಲ್ಲಾ ಕೂಡಿದ್ದು. ಗ್ವಾಡಿಗಿ ಮೊಳಿ ಬಡದು ತೂಗ ಹಾಕಿದ್ರು. ಮತ್ತ ಟಪ್ ಅಂದ್ರ ಹೊಳ್ಳಿ ಬರ್ಲಿಲ್ಲ, ಕೌದಿ ನುಂಗಿಬಿಡ್ತು. ಬಾತ್ ಕಾ ಡಬ್ಬಾ ಟಿವಿ ಕೆಳಗ ನಡುವ ಇಟ್ರು, ಕಾಕಾನ ಖುರ್ಚಿ ಎದರಿಗಿ. ದೊಡ್ಡ ಸಬ್‌ವೂಫರಿಗಿ ವೈರೇ ಹಾಕ್ಲಿಲ್ಲ.

ಹಚ್ಚಿದ್ರು.

ಏನ್ ಹೇಳ್ಲಿ ನಿಮಗ! ಬಳಿ ಸಪ್ಪಳ ಕೇಳಸ್ತು. ಹಿಂದ ಯಾವುದೋ ಮುದಕಿ ಕೆಮ್ಮಿದ್ದು ಕೇಳಸ್ತು. ಯಾರೋ "ಹೇಳ ಸೊಸಿ, ಬಾಯಿಗಿ ಬೀಗ ಹಾಕೀದಿ ಏನು?" ಅಂತ ನಕ್ಕಿದ್ದು ಕೇಳಸ್ತು. ಆಮ್ಯಾಲ ಕಾಕಿ. ಸಣ್ಣ ಹುಡುಗಿ ದನಿ. ಉಸಿರು ಜಗ್ಗಿದ್ದೂ ಕೇಳಸ್ತು. ಕಾಕಾ ಖುರ್ಚಿ ಹಿಡಕೊಂಡ್ರು.

"ಕಮಲಾಪುರದ ಬಾಳಿಹಣ್ಣು ಹೊರಗ ಕೆಂಪ, ತಿಂದವರ ಹೊಟ್ಟಿಗಿ ತಂಪ, ಹೊಸ್ತಲದಾಗ ನಿಂತು ಕಾಲು ನೊಂದಾವ ಅತ್ಯಾ, ಒಳಗ ಕರಕೋರಿ ಅಂತಾರ..."

ಢಾಣ್ ಢಾಣ್ ಢಣಾ ಢಣಾ! ಬ್ಯಾಂಡಿನವ ಡೋಲ ಬಡದ. ಹೆಂಗಸರು ಹೋ ಅಂದ್ರು. ಹೆಸರ ಹೋಯ್ತು.

ವಹಾಬ್ ಭಾಯ್ ಒಂದ್ ಗುಂಡಿ ತಿರುವಿದ್ರು, ಮತ್ತ ಹಚ್ಚಿದ್ರು. ಢಾಣ್ ಢಾಣ್. ಬಾಜೂದ ಸ್ಪೀಕರ್ ವೈರ್ ಕಿತ್ತು ಹಚ್ಚಿದ್ರು. ನಡುವಿನ ಡಬ್ಬ್ಯಾಗೇ ಢಾಣ್ ಢಾಣ್. ಕಡೀಕ ಹಣಿ ಒರಸ್ಕೊಂಡು ನೆಲಕ್ಕ ಕುಂತ್ರು. "ಕ್ಯಾಮರಾಕ್ಕ ಒಂದೇ ಮೈಕ್ ಇತ್ತ್ರಿ. ಮಾತೂ ಅದ್ರಾಗೇ, ಡೋಲೂ ಅದ್ರಾಗೇ. ಹಾಲಿನ್ಯಾಗ ನೀರ ಕೂಡಿದ ಮ್ಯಾಲ ನಾ ಹ್ಯಾಂಗ ಬ್ಯಾರೆ ಮಾಡ್ಲಿ?"

"ಆ ಡೋಲಿನವಂದು ಕೈ ಮುರೀಲಿ! ಸರಿಯಾಗಿ ಆ ಟೈಮಿಗೇ ಬಡೀಬೇಕಾ?" ಅಂದೆ ನಾ.

ಕಾಕಾ ಟಿವಿ ನೋಡಾಕತ್ತಿದ್ರು. "ಅವಂದ್ಯಾಕೋ. ಮೂಲಿಯಾಗ ನೋಡು. ಯಾರ ಕೈ ಅದು?"

ಖರೇ, ನೋಡಿದ್ರ ಬಾಸಿಂಗ ಕಟ್ಟಿದ ಮದುಮಗ, ಮದುಮಗಳ ಸೆರಗಿನ ಮರೀಗಿ ಕೈ ಎತ್ತಿ, ಬ್ಯಾಂಡಿನವಗ 'ಬಡಿ' ಅಂತ ಸನ್ನಿ ಮಾಡಾಕತ್ಯಾನ. ಕಾಕಾನೇ!

"ಒಳಗ ಬರೋಕಿಂತ ಮೊದಲ ಗೇಟಿನ್ಯಾಗ ನಿನ್ನ ಕಾಕಿ ನನ್ನ ಶಲ್ಯ ಜಗ್ಗಿದ್ಳು. 'ಇಷ್ಟ ಮಂದ್ಯಾಗ ನಿಮ್ಮ ಹೆಸರ ಹ್ಯಾಂಗ ಅನ್ಲಿ ರೀ, ನಾಚಿಕಿ ಬರ್ತದ' ಅಂದ್ಳು. ನೀ ಅನ್ನು, ಯಾರಿಗೂ ಕೇಳಸಲ್ದಂಗ ನಾ ನೋಡ್ಕೋತೀನಿ ಅಂದೆ." ಕಾಕಾ ಕಿವಿ ಮುಟ್ಕೊಂಡ್ರು. "ನನಗೂ ಕೇಳಸ್ಲಿಲ್ಲ ಆವತ್ತು. ಡೋಲ ಕಿವಿ ಬಾಜೂಕೇ ಇತ್ತು. ಇರ್ಲಿ, ಮನಿಗಿ ಬಂದಾಳಲ್ಲ, ಇನ್ನೊಮ್ಮಿ ಕೇಳಿದ್ರಾಯ್ತು ಅಂದ್ಕೊಂಡೆ."

ಸುಮಂಗಲಾ ಕೌದಿಗಿ ಮುಖ ಒತ್ತಿ ನಿಂತ್ಳು. ವಹಾಬ್ ಭಾಯ್, "ಸಾಮಾನು ವಾಪಸ್ ಒಯ್ತೀನಿ ರೀ, ನೀವು ಮನಸಿಗಿ ಹಚ್ಕೋಬ್ಯಾಡ್ರಿ" ಅಂದ್ರು. ಕಾಕಾ ಬ್ಯಾಡ ಅಂದ್ರು. "ಉಸಿರ ಕೇಳಸ್ತದಲ್ಲ. ಇರ್ಲಿ."

ಹೋಗೋವಾಗ ವಹಾಬ್ ಭಾಯ್ ಬಾಗಲದಾಗ ನಿಂತು, "ಬರ್ತೀನಿ ತುಕಾರಾಮ್ ಭಾಯ್" ಅಂದ್ರು. ಕಾಕಾ ತಲಿ ಅಳ್ಳಾಡಿಸಿದ್ರು, ಅಷ್ಟ. ಬ್ಯಾರೆ ಯಾರ ಅಂದ್ರೇನು ಬಿಡ್ರಿ, ಕಾಕಿ ಅಂದಂಗ ಆಗ್ತದೇನು.

ನಾನೂ ಹೊರಗ ಬಂದು ಚಪ್ಪಲಿ ಮೆಟ್ಟಾಕತ್ತಿದ್ದೆ. ಹೊತ್ತ ಮುಣಗಾಕತ್ತಿತ್ತು. ಸುಮಂಗಲಾ ಒಳಗ ಒಲಿ ಹಚ್ಚಿದ್ಳು. ಕಾಕಾ ಒಬ್ಬರೇ ಮತ್ತ ಅದನ್ನ ಹಚ್ಚಿದ್ರು. ಬಾಳಿಹಣ್ಣು, ಕೆಂಪ, ತಂಪ, ಹೊಸ್ತಲ. "ಒಳಗ ಕರಕೋರಿ ಅಂತಾರ..."

ಈ ಸಲ ಡೋಲ ಬರ್ಲಿಲ್ಲ. ಕಿಡಕ್ಯಾಗಿಂದ ಹಣಕಿ ಹಾಕಿದೆ. ಕಾಕಾ ರಿಮೋಟ್ ಒತ್ತಿ ಅಲ್ಲೇ ನಿಲ್ಲಿಸಿದ್ರು. ಟಿವ್ಯಾಗ ಮದುಮಗನ ಕೈ ಇನ್ನಾ ಅರ್ಧ ಎದ್ದದ, ಕಾಕಿ ಬಾಯಿ ಆಗ ತಾನೇ ಬಿಚ್ಯಾದ. ಮನಿ ತುಂಬ ಸಪ್ಪಳಿಲ್ಲ.

"ಓ" ಅಂದ್ರು ಕಾಕಾ, ಹೆಸರ ಹಿಡದು ಕರದ್ರ ಅಂದಂಗ. "ಓ... ಬಂದೆ."

ಆಮ್ಯಾಲ ಎದ್ದು, ಸ್ವಿಚ್ ಬಂದ್ ಮಾಡಿದ್ರು.