ಸಂಜೆ ಕಳೆದುಹೋಗುತ್ತಿದ್ದ ಇಪ್ಪತ್ತು ವೋಲ್ಟು

...ಅಥವಾ ಅಡಿಗೆಮನೆಯ ಬಲ್ಬು ಮಂಕಾಗುತ್ತಿರಲೇ ಇಲ್ಲವೋ ಏನೋ. ಅವ್ವ ಹೇಳಿದ ಮೇಲೆ ನನ್ನ ಕಣ್ಣೂ ಹಾಗೆ ಕಾಣಲು ಕಲಿತಿರಬಹುದು.

ಸಿಂದಗಿಯಿಂದ ಆಲಮೇಲಕ್ಕೆ ಹೋಗುವ ರಸ್ತೆಯ ಮಗ್ಗುಲಿಗೆ, ಹೊಲದೊಳಗೆ ನಮ್ಮ ಮನೆ. ಅರವತ್ತರ ದಶಕದಲ್ಲಿ ಕರೆಂಟು ಬಂದಾಗ ಅಪ್ಪ ರಸ್ತೆಯ ಕಂಬದಿಂದ ಎರಡು ಹೊಲ ದಾಟಿಸಿ ತೆಳ್ಳನೆಯ ತಂತಿ ಎಳೆಸಿದ. ಎರಡು ಬಲ್ಬಿಗೆ ಅಷ್ಟು ಸಾಕಿತ್ತು. ಆಮೇಲೆ ಇಸ್ತ್ರಿ ಪೆಟ್ಟಿಗೆ ತಂದ.

ಅಪ್ಪ ಕೋರ್ಟಿನಲ್ಲಿ ಕಾರಕೂನ. ಸಂಜೆ ಬಂದ ಕೂಡಲೇ ನಾಳೆಯ ಕರಿ ಕೋಟಿಗೆ ಇಸ್ತ್ರಿ ಆಗಬೇಕು. ಪಡಸಾಲೆಯ ಬಲ್ಬಿನ ಹೋಲ್ಡರಿನಿಂದಲೇ ಇಸ್ತ್ರಿಗೂ ಕರೆಂಟು ತೆಗೆಯುತ್ತಿದ್ದ. ಆಗ ಎಲ್ಲರ ಮನೆಯಲ್ಲೂ ಹಾಗೆಯೇ. ಇಸ್ತ್ರಿ ಹಚ್ಚಿದ ಕೂಡಲೇ ಅಡಿಗೆಮನೆಯ ಬಲ್ಬು ಕೆಂಪಗೆ ಕುಗ್ಗುತ್ತಿತ್ತು. ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆಯೆತ್ತದೆ, "ಬಂದ್ರು ನೋಡು ಜಜ್ಜಸಾಹೇಬ್ರು," ಅನ್ನುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅಪ್ಪನ ತಮ್ಮ, ನಮ್ಮ ಕಾಕಾ, ಇಸ್ತ್ರಿಯನ್ನು ಬಸವನ ಬಾಗೇವಾಡಿಯ ತನ್ನ ಮನೆಗೆ ಒಯ್ದ. ಆದರೂ ಸಂಜೆ ಅದೇ ಹೊತ್ತಿಗೆ ಬಲ್ಬು ಮಂಕಾಗುತ್ತದೆ ಎಂದು ಅವ್ವ ಹೇಳಿದಳು. ಅಳುತ್ತ ಅಲ್ಲ, ರೊಟ್ಟಿ ಬಡಿಯುತ್ತಲೇ. ಮಂಕಾದ ಕೂಡಲೇ ಬಿಸಿ ರೊಟ್ಟಿಯೊಂದನ್ನು ಬೇರೆ ತೆಗೆದಿಡುತ್ತಿದ್ದಳು.

ನಾನಾಗ ಇಂಡಿ, ಮುದ್ದೇಬಿಹಾಳದ ಕಡೆ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದೆ. ಊರಿಗೆ ಬಂದವನು ಲೆಕ್ಕಕ್ಕೆ ಕೂತೆ. ತಂತಿ ಎಷ್ಟು ಹೊರುತ್ತದೆ ಎಂಬುದು ಒಂದು ಲೆಕ್ಕ. ದೂರದ ತುದಿಗೆ ಎಷ್ಟು ವೋಲ್ಟು ತಲುಪುತ್ತದೆ ಎಂಬುದು ಇನ್ನೊಂದು. ದೂರವನ್ನು ಎರಡು ಸಲ ಹಿಡಿಯಬೇಕು, ಹೋದ ಕರೆಂಟು ತಿರುಗಿ ಬರಬೇಕಲ್ಲ. ಬರೀ ಎರಡು ಬಲ್ಬು ಉರಿದರೆ ದಾರಿಯಲ್ಲಿ ಮೂರ್ನಾಲ್ಕು ವೋಲ್ಟು ಕಳೆಯಬೇಕು, ಕಣ್ಣಿಗೆ ಗೊತ್ತಾಗುವಂಥದ್ದಲ್ಲ. ಸಂಜೆ ಅದೇ ಹೊತ್ತಿಗೆ ವೋಲ್ಟ್ ಮೀಟರು ಹಿಡಿದೆ. ಇಪ್ಪತ್ತರ ಮೇಲೆ ಕಳೆದಿತ್ತು, ಇಸ್ತ್ರಿ ಇಟ್ಟಾಗಿನಷ್ಟು. ಇಪ್ಪತ್ತು ಎಂದು ಈಗ ಬರೆಯುತ್ತಿದ್ದೇನೆ. ಮುಳ್ಳು ಎಲ್ಲಿ ನಿಂತಿತ್ತೆಂದು ಆಣೆ ಮಾಡಿ ಹೇಳಲಾರೆ.

ತಂತಿಯ ರಬ್ಬರು ಅಲ್ಲಲ್ಲಿ ಸೀಳಿತ್ತು. ಮಳೆಗೆ ಮುಂಚೆ ಬದಲಿಸದಿದ್ದರೆ ಜೀವಕ್ಕೇ ಅಪಾಯ. ದಪ್ಪ ತಂತಿ ಹಾಕುತ್ತೇನೆ, ಇನ್ನು ಬಲ್ಬು ಮಂಕಾಗುವುದಿಲ್ಲ ಎಂದು ಅವ್ವನಿಗೆ ಹೇಳಿದೆ. ಅವಳ ಕೈ ನಿಂತಿತು.

"ಮತ್ತ ಅವ್ರು ಬಂದದ್ದು ನನಗ ಹ್ಯಾಂಗ ತಿಳೀಬೇಕೋ ತಮ್ಮಾ?"

ನಾನು ಗೋಡೆಗೆ ಇಳಿದ ತಂತಿಯ ಸೀಳಿದ ರಬ್ಬರು ತೋರಿಸಿದೆ. ಅವಳು ಮತ್ತೆ ಹಿಟ್ಟಿಗೆ ಕೈ ಹಚ್ಚಿ, "ಹಾಕು. ಹಸಿ ಗ್ವಾಡಿ ಮುಟ್ಟಿ ನಾನೂ ಹೋದ್ರ ನಿನಗ ರೊಟ್ಟಿ ಯಾರು ಬಡೀತಾರ," ಅಂದಳು.

ಹಳೆಯ ತಂತಿಯನ್ನು ಇಳಿಸಿ, ಈ ತುದಿಯಿಂದ ಆ ತುದಿಗೆ ಬೆರಳಲ್ಲಿ ಸವರಿ ನೋಡಿದೆ. ನಡುವೆ ಯಾರೂ ಕದ್ದು ಜೋಡಿಸಿದ ಗುರುತಿರಲಿಲ್ಲ. ಹಾಗಾದರೆ ಆ ಕರೆಂಟು ನಮ್ಮ ಮನೆಯೊಳಗೇ ಖರ್ಚಾಗಿರಬೇಕು. ಕಂಬದ ಹತ್ತಿರದ ಜೋಡಣೆ ಸಡಿಲಾಗಿ ಅಲ್ಲೇ ವೋಲ್ಟು ಕಳೆಯುತ್ತಿತ್ತು ಎಂದೂ ಹೇಳಬಹುದು. ಹೊಸದು ಕಟ್ಟುವಾಗ ಅದನ್ನೂ ಬಿಗಿದುಬಿಟ್ಟಿದ್ದೆ. ಆ ಮೇಲೆ ಪರೀಕ್ಷಿಸಲು ಏನೂ ಉಳಿಯಲಿಲ್ಲ.

ಅಂದು ಸಂಜೆ ಬಲ್ಬು ಬೆಳ್ಳಗೆ ಉರಿಯಿತು. ಅವ್ವ ಅದನ್ನೇ ನೋಡುತ್ತ ಕೂತಳು. ಹಂಚಿನ ಮೇಲಿನ ರೊಟ್ಟಿ ಸೀದು ಕರ್ರಗಾಯಿತು. ಆಮೇಲೆ ಇನ್ನೊಂದನ್ನು ತೆಗೆದಿಟ್ಟಳೋ ಇಲ್ಲವೋ, ನಾನು ನೋಡಲಿಲ್ಲ. ಆ ಇಪ್ಪತ್ತು ವೋಲ್ಟು ಎಲ್ಲಿ ಹೋಗುತ್ತಿತ್ತು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.