ಅಳಿಯಕಟ್ಟಿನ ಪೌರತ್ವ

ನನ್ನ ಅಣ್ಣನಿಗೆ ಗೊತ್ತಿಲ್ಲದ ಕಾನೂನೇ ಇಲ್ಲ. ಹಾಗೆಂದು ಹೇಳುವವನು ಅವನೊಬ್ಬನೇ. ಬಿ.ಸಿ.ರೋಡಿನ ಹೋಟೆಲಿನಲ್ಲಿ ಚಾ ಕುಡಿಯುತ್ತ, ಕೇಳದವರಿಗೂ ಸಲಹೆ ಕೊಡುವ ಮಹಾನುಭಾವ ಅವನು.

ನಮ್ಮ ತಂಗಿ ಮಸ್ಕತ್ತಿನಲ್ಲಿ ನರ್ಸ್ ಆಗಿದ್ದಾಗ ಶ್ರೀಲಂಕಾದವನೊಬ್ಬನನ್ನು ಮದುವೆಯಾದಳು. ಮಗಳು ಹುಟ್ಟಿದಾಗ, ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕಂತೆ ಎಂದು ಅಣ್ಣನಿಗೆ ಫೋನ್ ಮಾಡಿದಳು. ಕುಟುಂಬದ ಯಜಮಾನನಲ್ಲವೇ, ಕೇಳಬೇಕಲ್ಲ! ಅವನು ನಕ್ಕುಬಿಟ್ಟ.

"ನಮ್ಮದು ಅಳಿಯಕಟ್ಟು ಮಾರಾಯ್ತಿ. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ತಾಯಿ ನಮ್ಮೂರು ಪುತ್ತಿಗೆಯವಳಾದರೆ ಮಗಳೂ ಪುತ್ತಿಗೆಯವಳೇ. ಅದಕ್ಕೆ ಯಾವ ಕಚೇರಿಯ ಸೀಲು ಬೇಕು?"

ತಂಗಿ ನಂಬಿದಳು. ಅವಳ ಗಂಡ ಮಗುವಿಗೆ ತನ್ನ ದೇಶದ ಪಾಸ್‌ಪೋರ್ಟ್ ಮಾಡಿಸಿದ. ಅವನು ತೀರಿಕೊಂಡ ಮೇಲೆ ತಾಯಿ ಮಗಳು ಊರಿಗೆ ಬಂದರು. ಹುಡುಗಿ ಈಗ ಮೂಡುಬಿದಿರೆಯಲ್ಲಿ ಕಾಲೇಜಿಗೆ ಹೋಗುತ್ತಾಳೆ, ನಮಗಿಂತ ಚೆನ್ನಾಗಿ ತುಳು ಮಾತಾಡುತ್ತಾಳೆ, ಆದರೆ ಇರುವುದು ವೀಸಾದ ಮೇಲೆ.

ಈ ಸಲ ನಾವು ವೀಸಾ ವಿಸ್ತರಣೆಗೆಂದು ಕಚೇರಿಗೆ ಹೋದಾಗ ಅಣ್ಣನೂ ಇಸ್ತ್ರಿ ಅಂಗಿ ತೊಟ್ಟು ಹೊರಟ. ಅಲ್ಲಿದ್ದ ಅಧಿಕಾರಿ ತಾಳ್ಮೆಯಿಂದ ವಿವರಿಸಿದರು. ಹುಟ್ಟಿನಿಂದ ಪೌರತ್ವ ಸಿಗಲು ಅವಳು ಇಲ್ಲಿ ಹುಟ್ಟಿಲ್ಲ. ತಾಯಿಯ ಮೂಲಕ ಸಿಗಲು ಆಗಲೇ ನೋಂದಾಯಿಸಬೇಕಿತ್ತು, ಈಗ ಕೈಯಲ್ಲಿ ಬೇರೆ ದೇಶದ ಪಾಸ್‌ಪೋರ್ಟ್ ಉಂಟು. ಭಾರತೀಯ ಮೂಲದವಳೆಂದು ಅರ್ಜಿ ಹಾಕಬಹುದು, ಅದಕ್ಕೆ ಏಳು ವರ್ಷ ಇಲ್ಲಿ ವಾಸವಾಗಿರಬೇಕು. ಅಲ್ಲಿಯವರೆಗೆ ವೀಸಾ ಮುಂದುವರಿಯುತ್ತಲೇ ಇರಬೇಕು, ಇಲ್ಲದಿದ್ದರೆ ತಂದೆಯ ದೇಶಕ್ಕೆ ಕಳಿಸಿಬಿಡುತ್ತಾರೆ. ಹೊರದೇಶದವರು ಇಲ್ಲಿಯ ಪೌರತ್ವ ಪಡೆಯುವ ದೇಶೀಕರಣದ ದಾರಿ ಇನ್ನೂ ಉದ್ದ.

"ಸಾರ್, ನಮ್ಮದು ಅಳಿಯಕಟ್ಟು," ಎಂದು ಅಣ್ಣ ಶುರುಮಾಡಿದ. ಥೂ! ಇಷ್ಟಾದರೂ ಬುದ್ಧಿ ಬರಲಿಲ್ಲವಲ್ಲ ಎಂದು ನನ್ನ ಮೈ ಉರಿದುಹೋಯಿತು. ಅಧಿಕಾರಿ ಅವನ ಮುಖವನ್ನೊಮ್ಮೆ ನೋಡಿ ಮುಂದಿನವರನ್ನು ಕರೆದರು.

ಮನೆಗೆ ಬಂದು, ಕಾಲು ತೊಳೆಯುವ ಮೊದಲೇ ಅವನ ಪೌರುಷ ಮರಳಿತು. "ಇವಳು ನಮ್ಮ ಕುಟುಂಬದ ಹುಡುಗಿ. ಯಾರು ಕಳಿಸ್ತಾರೆ ನೋಡುವ!" ಎಂದು ಅಂಗಳದಲ್ಲೇ ಗುಡುಗಿದ. ತಂಗಿ ಅಳುತ್ತಿದ್ದಳು. ನನಗೆ ಅವನ ಮುಖ ನೋಡಲೂ ಹೇಸಿಗೆಯಾಯಿತು.

ಹುಡುಗಿ ಮಾತ್ರ ಜಗಲಿಯಿಂದ ಇಳಿದು ಬಂದು ಮೆಲ್ಲಗೆ ಕೇಳಿದಳು: "ಮಾವ, ಕಳಿಸಿದರೆ ನೀವು ಬರ್ತೀರಾ ನನ್ನೊಟ್ಟಿಗೆ? ಆ ದೇಶವನ್ನು ನಾನು ನೋಡಿಯೇ ಇಲ್ಲ."

ಅಣ್ಣ ಚಾ ಕೇಳಿದ. ಯಾರೂ ಏಳಲಿಲ್ಲ.